ಕೆಂಪು ಗೆರೆಯ ಕೆಳಗಿನ ನೀರು

ಕಳೆದ ವಾರ ನೆರೂಳಿನ ನಮ್ಮ ಕಟ್ಟಡದ ಟೆರೇಸಿಗೆ ಹಪ್ಪಳ ಒಣಗಿಸಲು ಹೋಗಿದ್ದೆ. ಮೂರನೇ ಮಹಡಿಯವರ ಮನೆಯಲ್ಲಿ ಪೈಪು ಒಡೆದು ಹಾಸಿಗೆ ಪೂರ್ತಿ ನೆನೆದಿತ್ತಂತೆ. ಅದನ್ನು ನೀರಿನ ಟ್ಯಾಂಕಿಗೆ ಒರಗಿಸಿ ಬಿಸಿಲಿಗಿಟ್ಟಿದ್ದರು. ನೆನೆದು ಎರಡು ದಿನವಾದ ಹತ್ತಿಗೆ ಒಂದು ವಾಸನೆ ಬರುತ್ತದೆ, ಹುಳಿಯೂ ಅಲ್ಲದ ಕೆಸರೂ ಅಲ್ಲದ ವಾಸನೆ. ಹಪ್ಪಳದ ತಟ್ಟೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಂದೆ. "ಕ್ಯಾ ಹುವಾ ಮಮ್ಮಾ?" ಎಂದು ಮಗಳು ಕೇಳಿದಳು. ಬಿಸಿಲು ಜಾಸ್ತಿ ಎಂದೆ. ಅವಳಿಗೆ ಇದನ್ನೆಲ್ಲ ಹಿಂದಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಕನ್ನಡದಲ್ಲಿ ಹೇಳಿದರೆ ಅರ್ಧಕ್ಕೇ ಫೋನು ನೋಡಲು ಶುರುಮಾಡುತ್ತಾಳೆ. ಹಾಗಾಗಿ ಬರೆಯುತ್ತಿದ್ದೇನೆ. ರತ್ನಕ್ಕ ತೀರಿಹೋಗಿ ಎರಡು ವರ್ಷವಾಯಿತು. ಅವರಿದ್ದಿದ್ದರೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಎರಡು ಸಾವಿರದ ಹತ್ತು ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ನಾನು ಡೊಂಬಿವಲಿಯಿಂದ ದಿನವೂ ಲೋಕಲ್ ಹಿಡಿದು ಠಾಣೆ ಪೂರ್ವದ ಕೋಪರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ನದಿ ಕಣಿವೆ ಸಮಿತಿಯ ಕಚೇರಿ. ಘಟ್ಟದಲ್ಲಿ ಹುಟ್ಟಿ ಕಲ್ಯಾಣವನ್ನು ಸುತ್ತಿ ಠಾಣೆಯ ಖಾಡಿಯ ಹಿನ್ನೀರಿಗೆ ಸೇರುವ ನದಿಗೆ ಯಜಮಾನರು ಬಹಳ. ಅಣೆಕಟ್ಟಿನವರು, ಮೂರು ನಾಲ್ಕು ಪಾಲಿಕೆಯವರು, ಕಾರ್ಖಾನೆಯವರು, ರೈಲ್ವೆಯವರು. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವುದು ಸಮಿತಿಯ ಕೆಲಸ. ಕೂತವರು ಆಡಿದ್ದನ್ನು ಬರೆಯುವುದು ನನ್ನ ಕೆಲಸ. ನಾನು ಸ್ಟೆನೋ. ಹದಿನಾಲ್ಕು ವರ್ಷ ಆ ಸಮಿತಿಯ ನಡಾವಳಿ ಬರೆದೆ. ಆಡಿಟ್‌ನವರು ಕೂಡ ಅದರಲ್ಲಿ ತಪ್ಪು ಹಿಡಿಯಲಾಗಿರಲಿಲ್ಲ. ಅದರ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ನಾನು ಹೇಳುತ್ತಿರುವ ಮಳೆಗಾಲಕ್ಕೆ ಹಿಂದಿನ ವರ್ಷ ಮೇಲಿನಿಂದ ಆದೇಶ ಬಂದು ನಮ್ಮಲ್ಲಿ ಹವಾಮಾನ ಬದಲಾವಣೆ ಕಕ್ಷ ಎಂಬ ಹೊಸ ವಿಭಾಗ ಶುರುವಾಗಿತ್ತು. ಒಂದು ಮೇಜು, ಒಂದು ಕಂಪ್ಯೂಟರ್, ಬೀಗದ ಕೈ ಕಳೆದುಹೋದ ಒಂದು ಕಬ್ಬಿಣದ ಕಪಾಟು. ಅದಕ್ಕೆ ಮುಖ್ಯಸ್ಥರು ಪಾಟೀಲರು, ವಿಜಾಪುರದ ಕಡೆಯ ಇಂಜಿನಿಯರ್. ಬೇಲಾಪುರದ ದೊಡ್ಡ ಹೋಟೆಲಿನಲ್ಲಿ ಎರಡು ದಿನ ಕಾರ್ಯಾಗಾರ ಮಾಡಿದೆವು. ದೆಹಲಿಯಿಂದ ಬಂದ ಸಲಹೆಗಾರರು ಮೂವತ್ತು ವರ್ಷಗಳ ನಂತರ ನಮ್ಮ ನದಿ ಹೇಗಿರುತ್ತದೆ ಎಂದು ಬಣ್ಣಬಣ್ಣದ ನಕಾಶೆ ತೋರಿಸಿದರು. ಊಟದ ಹೊತ್ತಿಗೆ ಪಾಟೀಲರು ನನ್ನ ಪಕ್ಕ ತಟ್ಟೆ ಹಿಡಿದು ನಿಂತು, "ಮೂವತ್ತ ವರ್ಷದ್ದು ಗೊತ್ತಾತ್ರೀ ಬಾಯಾರ. ಬರೋ ಶ್ರಾವಣದ್ದು ಯಾರ ಹೇಳವರು?" ಎಂದರು. ನಾನು ನಕ್ಕೆ. ಆಗ ಅದು ನಗುವ ಮಾತಾಗಿತ್ತು.

ಬರುವ ಶ್ರಾವಣದ್ದನ್ನು ಹೇಳುವವನು ಒಬ್ಬನಿದ್ದ. ಹರಿಭಾವು. ಕಲ್ಯಾಣದ ಸೇತುವೆಯ ಹತ್ತಿರ ನದಿಯ ಮಟ್ಟ ಅಳೆಯುವವನು. ಸೇತುವೆಯ ಕಂಬಕ್ಕೆ ಅಡ್ಡವಾಗಿ ಒಂದು ಕೆಂಪು ಗೆರೆ ಎಳೆದಿತ್ತು. ನೀರು ಆ ಗೆರೆ ಮುಟ್ಟಿದರೆ ಅವನು ಕಚೇರಿಗೆ ಫೋನು ಮಾಡಬೇಕು, ಕಚೇರಿ ಸೈರನ್ನಿಗೆ ಆದೇಶ ಕೊಡಬೇಕು, ನದಿಯಂಚಿನ ಚಾಳುಗಳ ಸಾಲುಮನೆಯವರು ಮನೆ ಬಿಡಬೇಕು. ಗೆರೆ ಎಳೆದವರ ಕಾಲದಲ್ಲಿ ನೀರು ಗೆರೆ ಮುಟ್ಟಿದ ಮೇಲೆ ಚಾಳಿಗೆ ನುಗ್ಗಲು ಅರ್ಧ ದಿನ ಬೇಕಾಗುತ್ತಿತ್ತಂತೆ. ಈಗ ಘಟ್ಟದ ಮಳೆ ಮೊದಲಿನ ಹಾಗಿರಲಿಲ್ಲ. ಹದಿನೈದು ದಿನ ಸುರಿಯಬೇಕಾದ್ದು ಒಂದು ಬೆಳಗ್ಗೆ ಸುರಿದು ಸುಮ್ಮನಾಗುತ್ತಿತ್ತು. ಕೆಳಗಿನ ಗದ್ದೆಗಳಲ್ಲಿ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದ್ದರಿಂದ ನೀರಿಗೆ ಹರಡಲು ಜಾಗವೂ ಇರಲಿಲ್ಲ. ಗೆರೆ ಮುಟ್ಟಿದ ಮೇಲೆ ಒಂದು ಗಂಟೆ ಸಿಕ್ಕರೆ ಹೆಚ್ಚು ಎಂದು ಹರಿಭಾವು ತನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಮಳೆಗಾಲಗಳಿಂದ ಬರೆದಿಟ್ಟಿದ್ದ. ಪಾಟೀಲರು ಅದನ್ನು ನೋಡಿ ಗೆರೆಯನ್ನು ಒಂದು ಮೀಟರ್ ಕೆಳಗಿಳಿಸಬೇಕೆಂದು ಟಿಪ್ಪಣಿ ತಯಾರಿಸಿದರು. ಬೇಕಾದದ್ದು ಒಂದು ಡಬ್ಬಿ ಬಣ್ಣ, ಒಬ್ಬ ಪೇಂಟರ್, ಸಮಿತಿಯ ಒಂದು ಠರಾವು.

ಆ ಒಂದು ಮೀಟರಿಗಾಗಿ ನನಗೂ ಆಸೆಯಿತ್ತು, ರತ್ನಕ್ಕನ ದೆಸೆಯಿಂದ. ರತ್ನಕ್ಕ ನನ್ನ ಅಮ್ಮನ ಊರಿನವರು, ಉಡುಪಿಯ ಹತ್ತಿರದವರು. ಅವರ ಗಂಡ ವಿಠಲಣ್ಣ ಠಾಣೆಯ ಹೋಟೆಲುಗಳಲ್ಲಿ ಮೂವತ್ತು ವರ್ಷ ಭಟ್ಟರಾಗಿದ್ದವರು. ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ನಾನು ಬೆಳೆದದ್ದೇ ಅವರ ಮನೆಯ ದೋಸೆಯಲ್ಲಿ. ವಿಠಲಣ್ಣನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತಿನಲ್ಲಿ ಉಳಿದದ್ದು ತುಳುವಿನ ಒಂದೇ ಶಬ್ದ, "ಆಂಡ್". ಆಯಿತು ಎಂದು. ಊಟ ಬೇಕಾ ಎಂದರೂ ಆಂಡ್, ನೋಯುತ್ತದಾ ಎಂದರೂ ಆಂಡ್. ಮೆಟ್ಟಿಲಿಲ್ಲದ ಮನೆ ಬೇಕೆಂದು ರತ್ನಕ್ಕ ಕಲ್ಯಾಣದ ಹೊರಗೆ ನದಿಯಂಚಿನ ಚಾಳಿನಲ್ಲಿ ನೆಲಮಟ್ಟದ ಖೋಲಿ ಹಿಡಿದಿದ್ದರು. ಸಂಜೆ ಗಾಲಿ ಕುರ್ಚಿಯಲ್ಲಿ ಗಂಡನನ್ನು ಹೊರಗೆ ಕೂರಿಸಿದರೆ ಅವರು ಹೋಗಿಬರುವವರನ್ನೆಲ್ಲ ನೋಡಿಕೊಂಡು ಖುಷಿಯಾಗಿರುತ್ತಿದ್ದರು.

"ಮಳೆಗಾಲದಲ್ಲಿ ಇಲ್ಲಿ ಹೇಗೆ ಅಕ್ಕಾ?" ಎಂದು ನಾನು ಕೇಳಿದರೆ, "ನೀನು ನದಿ ಆಫೀಸಲ್ಲೇ ಇದ್ದಿಯಲ್ಲ ಮಗಾ. ನೀರು ಬರುವ ಮೊದಲು ಒಂದು ಫೋನು ಮಾಡ್ಲಿಕ್ಕಾಗುದಿಲ್ವಾ? ಮತ್ತೆ ನಂಗೆಂತ ಹೆದರಿಕೆ" ಎನ್ನುತ್ತಿದ್ದರು. ವಿಠಲಣ್ಣ ಭಾರದ ಆಳು. ಕುರ್ಚಿ ಸಮೇತ ಎತ್ತಿ ಪಕ್ಕದ ಶಾಲೆಯ ಮೊದಲನೇ ಮಹಡಿಗೆ ಏರಿಸಲು ನಾಲ್ಕು ಗಂಡಸರು ಬೇಕು, ಮುಕ್ಕಾಲು ಗಂಟೆ ಬೇಕು. ಚಾಳಿನ ಗಂಡಸರು ಹೆಚ್ಚಿನವರು ಕಾರ್ಖಾನೆಯ ಎರಡನೇ ಪಾಳಿಯವರು, ಮಧ್ಯಾಹ್ನ ಒಂದೂವರೆಗೆ ಹೊರಟುಬಿಡುತ್ತಿದ್ದರು. ಇಷ್ಟೂ ನನಗೆ ಬಾಯಿಪಾಠವಾಗಿತ್ತು.

ಸಮಿತಿ ಸೇರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ. ಆ ಮೇ ತಿಂಗಳ ಸಭೆಯಲ್ಲಿ ಹನ್ನೊಂದು ವಿಷಯಗಳಿದ್ದವು. ಗೆರೆಯ ವಿಷಯ ಅವುಗಳಲ್ಲಿ ಇರಲಿಲ್ಲ, ಏಕೆಂದರೆ ಒಂದು ಪಾಲಿಕೆಯಿಂದ ಅಭಿಪ್ರಾಯ ಬಂದಿರಲಿಲ್ಲ. ಹಾಗಾಗಿ ಪಾಟೀಲರು ಅದನ್ನು ಕೊನೆಗೆ, ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯ ಎಂಬಲ್ಲಿ ಎತ್ತಿದರು. ಅಷ್ಟು ಹೊತ್ತಿಗೆ ಬಟಾಟೆ ವಡೆಯ ಪರಿಮಳ ಒಳಗೆ ಬಂದಾಗಿತ್ತು. ಅಧ್ಯಕ್ಷರು ಹರಿಭಾವುವಿನ ನೋಟ್‌ಬುಕ್ಕನ್ನು ತಿರುವಿ ನೋಡಿ, "ಕರೂನ ಟಾಕಾ" ಎಂದರು. ಮಾಡಿಬಿಡಿ. ಎಲ್ಲರೂ ತಲೆಯಾಡಿಸಿದರು. ಯಾರೂ ಬೇಡವೆನ್ನಲಿಲ್ಲ. ಪಾಟೀಲರು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಮರುದಿನ ನಾನು ನಡಾವಳಿ ಟೈಪು ಮಾಡಲು ಕೂತೆ. ನಮ್ಮಲ್ಲಿ ಒಂದು ರೂಢಿ. ಮೊದಲೇ ಹಂಚಿದ ಪಟ್ಟಿಯಲ್ಲಿದ್ದ ವಿಷಯಕ್ಕೆ ಮಾತ್ರ "ನಿರ್ಧರಿಸಲಾಯಿತು" ಎಂದು ಬರೆಯುವುದು. ಕೊನೆಗೆ ಎತ್ತಿದ ವಿಷಯ ಏನೇ ಇರಲಿ, ಯಾರೇ ಒಪ್ಪಲಿ, "ಸಮಿತಿಯು ಗಮನಿಸಿತು" ಎಂದೇ ಬರೆಯುವುದು. ಮುಂದಿನ ಸಭೆಯಲ್ಲಿ ಪಟ್ಟಿಗೆ ಬಂದಮೇಲೆ ಠರಾವು. ಯಾವ ನಿಯಮದ ಪುಸ್ತಕದಲ್ಲಿಯೂ ಇದು ಇರಲಿಲ್ಲ. ನನಗಿಂತ ಹಿಂದಿನ ಸ್ಟೆನೋ ನನಗೆ ಕಲಿಸಿಕೊಟ್ಟದ್ದು. ಬೆರಳು ತಾನಾಗಿಯೇ ಓಡಿತು. ಸಮಿತಿಯು ಗಮನಿಸಿತು. ಅಧ್ಯಕ್ಷರ ಸಹಿಯಾಯಿತು, ಪ್ರತಿಗಳು ಎಲ್ಲರಿಗೂ ಹೋದವು.

ಪೇಂಟರಿಗೆ ಆದೇಶ ಹೊರಡಿಸಲು ಹೋದ ಪಾಟೀಲರು ಕೈಯಲ್ಲಿ ಪ್ರತಿ ಹಿಡಿದು ನನ್ನ ಮೇಜಿಗೆ ಬಂದರು. "ಏನ್ರೀ ಇದು? ಮಾಡ್ರಿ ಅಂತ ಅಂದಿದ್ರಲ್ರೀ ಅವರು. ಗಮನಿಸಿತು ಅಂದ್ರ ಅಕೌಂಟ್ಸ್‌ನವರು ಬಣ್ಣದ ಡಬ್ಬಿ ಸೈತ ಕೊಡೂದಿಲ್ಲ." ರೂಢಿಯೇ ಹಾಗೆ ಸರ್, ತಿದ್ದಬೇಕಾದರೆ ಸಮಿತಿಯೇ ತಿದ್ದಬೇಕು, ಮುಂದಿನ ಸಭೆಯಲ್ಲಿ ಮೊದಲನೇ ವಿಷಯವಾಗಿ ಇಡೋಣ ಎಂದೆ. ಅವರು, ಬರೋಬ್ಬರಿ ಅದ ಎಂದು ಹೋದರು. ಮುಂದಿನ ಸಭೆ ಎಂದರೆ ಮಳೆ ಮುಗಿದ ಮೇಲೆ. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದುಕೊಂಡೆ.

ಜುಲೈಯಲ್ಲಿ ಒಂದು ಬೆಳಗ್ಗೆ ಹರಿಭಾವು ನನಗೇ ಫೋನು ಮಾಡಿದ. ನೀರು ಗೆರೆಗಿಂತ ಕೆಳಗಿದೆ, ಆದರೆ ಏರುವ ರೀತಿ ಸರಿಯಿಲ್ಲ ಎಂದ. ನಾನು ಹಿಂದೆಮುಂದೆ ನೋಡದೆ ರತ್ನಕ್ಕನಿಗೆ ಫೋನು ಮಾಡಿದೆ. ಚಾಳಿನ ನಾಲ್ವರು ಕೆಲಸಕ್ಕೆ ರಜೆ ಹಾಕಿ ವಿಠಲಣ್ಣನನ್ನು ಎತ್ತಿದರು. ಶಾಲೆಯ ಮೆಟ್ಟಿಲಿನಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು, ವಿಠಲಣ್ಣ ಉರುಳಿ ಬಿದ್ದು ಸರಿಯಿದ್ದ ಎಡಗೈಯ ಮಣಿಕಟ್ಟು ಮುರಿಯಿತು. ಮಧ್ಯಾಹ್ನದ ಹೊತ್ತಿಗೆ ಮೋಡ ಚದುರಿ ನೀರು ಇಳಿದೇಹೋಯಿತು. ಚಾಳಿನ ಅಂಗಳವೂ ಒದ್ದೆಯಾಗಲಿಲ್ಲ.

ಭಾನುವಾರ ನೋಡಲು ಹೋದೆ. ಎಡಗೈಗೆ ಪ್ಲಾಸ್ಟರ್. ತಾನೇ ಎತ್ತಿ ಕುಡಿಯುತ್ತಿದ್ದ ಒಂದು ಲೋಟ ಚಹಾ ಕೂಡ ಈಗ ರತ್ನಕ್ಕನೇ ಕುಡಿಸಬೇಕು. ರತ್ನಕ್ಕ ನನ್ನ ಮೇಲೆ ಕೋಪ ಮಾಡುವವರಲ್ಲ. ಆ ದಿನ ಮಾಡಿದರು. "ಎಂತ ಮಗಾ ಇದು? ಆ ಹುಡುಗರ ಒಂದು ದಿನದ ಪಗಾರ ಹೋಯ್ತು, ಇವರ ಕೈಯೂ ಹೋಯ್ತು. ಇನ್ನು ನಿಮ್ಮ ಆಫೀಸಿನವರು ಸೈರನ್ ಹಾಕಿದ ಮೇಲೆಯೇ ಫೋನು ಮಾಡು. ಸುಮ್ಮನೆ ಹೆದರಿಸ್ಬೇಡ." ವಿಠಲಣ್ಣ ನನ್ನ ಮುಖ ಸಪ್ಪಗಾದದ್ದನ್ನು ನೋಡಿ, "ಆಂಡ್, ಆಂಡ್" ಎಂದು ಸಮಾಧಾನ ಮಾಡಿದರು.

ಆಗಸ್ಟಿನ ಆ ದಿನ ಠಾಣೆಯಲ್ಲಿ ಮಳೆಯೇ ಇರಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕೋಪರಿಯ ಬೀದಿಯಲ್ಲಿ ಸಣ್ಣಗೆ ಬಿಸಿಲಿತ್ತು, ಕಚೇರಿಯ ಕಿಟಕಿಯಲ್ಲಿ ನಮ್ಮ ಛತ್ರಿಗಳು ಒಣಗುತ್ತಿದ್ದವು. ಮಳೆ ಸುರಿದದ್ದು ಮೇಲೆ, ಘಟ್ಟದಲ್ಲಿ, ನಸುಕಿನಿಂದ. ಅಮಾವಾಸ್ಯೆಯ ಭರತ ಬೇರೆ, ಮಧ್ಯಾಹ್ನ ಖಾಡಿ ಉಕ್ಕುವ ಹೊತ್ತು. ಕೆಳಗಿನಿಂದ ಸಮುದ್ರ ಒತ್ತಿದರೆ ನದಿಗೆ ಇಳಿಯಲು ದಾರಿಯಿರುವುದಿಲ್ಲ. ಅಣೆಕಟ್ಟಿನವರು ಬಾಗಿಲು ತೆರೆಯುತ್ತೇವೆ ಎಂದು ಕಳಿಸಿದ ಫ್ಯಾಕ್ಸು ನಮ್ಮ ಮೇಜಿಗೆ ಬಂದದ್ದು ತೆರೆದ ಮೇಲೆ.

ಹನ್ನೊಂದು ನಲವತ್ತಕ್ಕೆ ಹರಿಭಾವು ಫೋನು ಮಾಡಿದ. ಹೊತ್ತು ನನಗೆ ಗೊತ್ತು, ಲಾಗ್ ಪುಸ್ತಕದಲ್ಲಿ ನಾನೇ ಬರೆದೆ. "ತಾಈ, ಪಾಣಿ ಆಜ ವೇಗಳಂಚ ಆಹೇ" ಎಂದ. ಅಕ್ಕಾ, ನೀರು ಇವತ್ತು ಬೇರೆಯೇ ಇದೆ. ಗೆರೆಗೆ ಇನ್ನೂ ಒಂದೂಕಾಲು ಮೀಟರ್ ಇದೆ, ಆದರೆ ನೀರಿನ ಬಣ್ಣ ಕೆಂಪಾಗಿದೆ, ಇಡೀ ಮರಗಳು ಬೇರು ಸಮೇತ ಬರುತ್ತಿವೆ, ಸಾಹೇಬರಿಗೆ ಹೇಳಿ ಸೈರನ್ ಹಾಕಿಸಿ ಎಂದ. ಅವನು ಇಪ್ಪತ್ತು ವರ್ಷ ನೀರು ನೋಡಿದವನು. ನಾನು ಓಡಿಹೋಗಿ ಪಾಟೀಲರಿಗೆ ಹೇಳಿದೆ. ಅವರು ಅಧ್ಯಕ್ಷರಿಗೆ ಫೋನು ಹಚ್ಚಿದರು. ಅಧ್ಯಕ್ಷರು ಮಂತ್ರಾಲಯದಲ್ಲಿ, ಅಂದರೆ ಸರಕಾರದ ಸಚಿವಾಲಯದಲ್ಲಿ, ಮೀಟಿಂಗಿನಲ್ಲಿದ್ದರು. ಅವರ ಪಿಎ ಒಂದೇ ಪ್ರಶ್ನೆ ಕೇಳಿದನಂತೆ: ನೀರು ಗೆರೆ ಮುಟ್ಟಿದೆಯೇ? ಮುಟ್ಟಿರಲಿಲ್ಲ. ಗೆರೆ ಮುಟ್ಟದೆ ಸೈರನ್ ಹಾಕಿ, ಜನ ಓಡಿ, ಏನೂ ಆಗದಿದ್ದರೆ ಯಾರು ಜವಾಬ್ದಾರಿ ಎಂದನಂತೆ. ಪಾಟೀಲರು ಫೋನಿಟ್ಟು, "ಆ ಗೆರಿ ಕೆಳಗ ಇದ್ದಿದ್ರ ಇನ್ನ ಹತ್ತ ಮಿನಿಟಿನಾಗ ಹಾಕಬಹುದಿತ್ರೀ" ಎಂದರು. ನನ್ನನ್ನು ಬೈಯಬೇಕೆಂದು ಹೇಳಿದ ಮಾತಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಮೇಜಿಗೆ ಬಂದು ರತ್ನಕ್ಕನ ನಂಬರು ಒತ್ತತೊಡಗಿದೆ. ಅರ್ಧಕ್ಕೇ ನಿಲ್ಲಿಸಿದೆ. ಮೆಟ್ಟಿಲು, ವಾಲಿದ ಕುರ್ಚಿ, ಪ್ಲಾಸ್ಟರ್ ಹಾಕಿದ ಕೈ ಎಲ್ಲ ಕಣ್ಣೆದುರಿಗೆ ಬಂದವು. ಇನ್ನೊಮ್ಮೆ ಬಿದ್ದರೆ ಸೊಂಟ ಮುರಿಯುತ್ತದೆ. ಸೈರನ್ ಆದ ಮೇಲೆಯೇ ಮಾಡು ಎಂದಿದ್ದಾರಲ್ಲ. ಗೆರೆಗೆ ಇನ್ನೂ ಒಂದು ಮೀಟರ್ ಇದೆಯಲ್ಲ. ಇಷ್ಟನ್ನು ಯೋಚಿಸಿ ರಿಸೀವರ್ ಇಟ್ಟೆ. ಹನ್ನೆರಡೂವರೆಗೆ ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ಒಂದು ಗಂಟೆಗೆ ಡಬ್ಬಿ ಬಿಚ್ಚಿ ಊಟ ಮಾಡಿದೆ. ಹೌದು, ಊಟ ಮಾಡಿದೆ. ತೊಂಡೆಕಾಯಿ ಪಲ್ಯ. ಒಂದೂವರೆಗೆ ಗಡಿಯಾರ ನೋಡಿದೆ, ಈಗ ಚಾಳಿನ ಗಂಡಸರು ಪಾಳಿಗೆ ಹೊರಟಿರುತ್ತಾರೆ ಎಂದು ಮನಸ್ಸಿಗೆ ಬಂತು. ಆಗಲಾದರೂ ಎದ್ದು ಫೋನು ಮಾಡಬಹುದಿತ್ತು.

ಎರಡಕ್ಕೆ ನೀರು ಗೆರೆ ಮುಟ್ಟಿತು. ಎರಡು ಹತ್ತಕ್ಕೆ ಸೈರನ್ ಆಯಿತು. ಎರಡು ಹನ್ನೆರಡಕ್ಕೆ ನಾನು ಫೋನು ಮಾಡಿದಾಗ ರತ್ನಕ್ಕ, "ನೀರು ಹೊಸ್ತಿಲಿಗೆ ಬಂತಲ್ಲ ಮಗಾ, ಇಲ್ಲಿ ಗಂಡಸರು ಯಾರೂ ಇಲ್ಲ" ಎಂದರು. ಅಷ್ಟರಲ್ಲಿ ಲೈನು ಹೋಯಿತು.

ಆಮೇಲಿನದ್ದನ್ನು ನಾನು ಕಂಡದ್ದಲ್ಲ, ಪಕ್ಕದ ಖೋಲಿಯ ಹೆಂಗಸು ಹೇಳಿದ್ದು. ರತ್ನಕ್ಕ ಸೇರಿ ಮೂವರು ಹೆಂಗಸರು ವಿಠಲಣ್ಣನನ್ನು ಹಾಸಿಗೆ ಸಮೇತ ಊಟದ ಮೇಜಿನ ಮೇಲೆ ಎಳೆದು ಹಾಕಿದರು. ನೀರು ಮೇಜನ್ನೂ ಮುಟ್ಟಿದಾಗ ಉಳಿದಿಬ್ಬರು ತಮ್ಮ ಮಕ್ಕಳನ್ನು ಹುಡುಕಿಕೊಂಡು ಹೋದರು, ಅವರನ್ನು ದೂರಲಾಗದು. ರತ್ನಕ್ಕ ಎದೆಯುದ್ದ ನೀರಿನಲ್ಲಿ ನಿಂತು ಗಂಡನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಅಗ್ನಿಶಾಮಕದವರ ದೋಣಿ ಬಂದಾಗ ಸಂಜೆಯಾಗಿತ್ತು. ಆಗಲೂ ಅವರು ಹಿಡಿದೇ ಇದ್ದರು, ಆದರೆ ಹಿಡಿದ ಕೈ ನೀರಿಗಿಂತ ಕೆಳಗಿತ್ತು. ಮೂರನೇ ದಿನ ನಾನು ಆ ಖೋಲಿಗೆ ಹೋದಾಗ ಹಾಸಿಗೆ ಹೊರಗೆ ಗೋಡೆಗೆ ಒರಗಿತ್ತು. ಅದನ್ನು ಎಸೆಯಲು ಯಾರಿಗೂ ಮನಸ್ಸಾಗಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಸಮಿತಿ ಸೇರಿತು. ಪತ್ರಿಕೆಯವರು ಬರೆದಿದ್ದರು, ಮೇಲಿನಿಂದ ವಿವರಣೆ ಕೇಳಿದ್ದರು, ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ಗೆರೆ ಇಳಿಸುವುದೆಂದು ಮೇ ತಿಂಗಳಲ್ಲೇ ತೀರ್ಮಾನವಾಗಿರಲಿಲ್ಲವೇ ಎಂದು ಒಬ್ಬ ಸದಸ್ಯರು ಕೇಳಿಯೇಬಿಟ್ಟರು. ಅಧ್ಯಕ್ಷರು ನಡಾವಳಿಯ ಪುಸ್ತಕ ತರಿಸಿದರು. ಪುಟ ತೆಗೆದು ಕೊಟ್ಟವಳು ನಾನು. ಅವರು ಒಂದು ಸಲ ಓದಿ, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಸಮಿತಿಯು ಗಮನಿಸಿತು. ನಿರ್ಧಾರವೇ ಆಗಿರಲಿಲ್ಲ ಎಂದಮೇಲೆ ಜಾರಿ ಮಾಡದ ಪ್ರಶ್ನೆ ಎಲ್ಲಿ? ಮಂಜೂರಾದ ಮಟ್ಟಕ್ಕೆ ಸರಿಯಾಗಿ ಸೈರನ್ ಆಗಿದೆ, ಲೋಪವಿಲ್ಲ. ಇದನ್ನು ನಿರ್ಧರಿಸಲಾಯಿತು ಎಂದು ಬರೆದುಕೊಳ್ಳಿ ಎಂದರು. ಬರೆದುಕೊಂಡೆ. ಮೂಲೆಯಲ್ಲಿ ನಿಂತಿದ್ದ ಹರಿಭಾವು ಹೊರಗೆ ಹೊರಟುಹೋದ. ಗೆರೆ ಇಳಿಸುವ ವಿಷಯವನ್ನು ಮೂವತ್ತು ವರ್ಷದ ಹವಾಮಾನ ಯೋಜನೆಯ ಎರಡನೇ ಹಂತದಲ್ಲಿ ಸೇರಿಸಲಾಯಿತು.

ಸಭೆ ಮುಗಿದ ಮೇಲೆ ಪಾಟೀಲರು ನನ್ನ ಮೇಜಿನ ಹತ್ತಿರ ನಿಂತು, "ನಿಮ್ಮ ಆ ಒಂದ ಸಾಲು ನಮ್ಮ ಎಲ್ಲಾರ ನೌಕರೀನೂ ಉಳಿಸ್ತು ನೋಡ್ರೀ" ಎಂದರು. ಒಳ್ಳೆಯ ಮನುಷ್ಯ. ವ್ಯಂಗ್ಯವೇನೂ ಇರಲಿಲ್ಲ ಅದರಲ್ಲಿ, ನಿಜವಾಗಿಯೇ ಹೇಳಿದರು. ನಾನು ಆ ದಿನದ ನಡಾವಳಿ ಟೈಪು ಮಾಡಲು ಕೂತೆ.

ದಸರೆಯ ಹೊತ್ತಿಗೆ ರತ್ನಕ್ಕ ಕಳಂಬೋಲಿಗೆ ಹೋಗಿದ್ದರು. ಅಲ್ಲಿ ಕಬ್ಬಿಣದ ಮಾರುಕಟ್ಟೆಯ ಹತ್ತಿರ ಅವರ ತಮ್ಮನದೊಂದು ಸಣ್ಣ ಹೋಟೆಲಿತ್ತು, ಹಿಂದುಗಡೆಯೇ ಮನೆ. ಅಕ್ಕ ಊಟ ಮಾಡುತ್ತಿಲ್ಲ, ಎರಡು ತುತ್ತಿಗೆ ಎದ್ದುಬಿಡುತ್ತಾರೆ, ನೀವಾದರೂ ಬಂದು ಹೇಳಿ ಎಂದು ತಮ್ಮನ ಹೆಂಡತಿ ಫೋನು ಮಾಡಿದ್ದಳು. ಹೋದೆ. ಎಲ್ಲ ಹೇಳಿಬಿಡಬೇಕು ಎಂದೇ ಹೋದೆ. ನಾನು ಬರೆದ ಸಾಲು, ಇಟ್ಟ ರಿಸೀವರ್, ತಿಂದ ಊಟ ಎಲ್ಲವನ್ನೂ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ.

ರತ್ನಕ್ಕ ತೆಳ್ಳಗಾಗಿ ಹೋಗಿದ್ದರು. ಮುಂದೆ ಅನ್ನದ ತಟ್ಟೆ ಇಟ್ಟುಕೊಂಡು ಬೆರಳಿನಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು. "ನಿಮ್ಮ ಆಫೀಸಿಗೆ ಎಷ್ಟು ಹೊತ್ತಿಗೆ ಗೊತ್ತಾದ್ದು ಮಗಾ, ನೀರು ಬರ್ತದೆ ಅಂತ?"

ಯಾಕಕ್ಕಾ ಎಂದೆ.

"ಒಂದೂವರೆವರೆಗೆ ಗಂಡಸರೆಲ್ಲ ಮನೆಯಲ್ಲೇ ಇದ್ರಲ್ಲ. ನಿಂಗೆ ಮೊದಲೇ ಗೊತ್ತಿದ್ದು, ನಾನು ಬೈದದ್ದಕ್ಕೆ ನೀನು ಫೋನು ಮಾಡದೆ ಕೂತಿಯೋ ಏನೋ ಅಂತ. ಸೈರನ್ ಆದ ಮೇಲೆ ಮಾಡು ಅಂತ ಹೇಳಿದ್ದು ನಾನೇ ಅಲ್ವಾ? ನನ್ನ ಬಾಯಿಂದಲೇ ಅವರು ಹೋದ್ರಾ ಅಂತ ನಂಗೆ ಗಂಟಲಲ್ಲಿ ಅನ್ನ ಇಳಿಯುದಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಗೆ ಲಾರಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದ ಸದ್ದು. ಅದು ನಿಲ್ಲುವವರೆಗೆ ಕಾದೆ.

"ಎರಡು ಗಂಟೆಗೆ ಅಕ್ಕಾ" ಎಂದೆ. "ಗೊತ್ತಾದ ಕೂಡಲೇ ಮಾಡಿದೆ."

"ಎರಡಕ್ಕಾ?" ಎಂದರು. ಮನಸ್ಸಿನಲ್ಲೇ ಲೆಕ್ಕ ಹಾಕಿದರು, ತುಟಿ ಅಲ್ಲಾಡಿತು. "ಎರಡಕ್ಕಾದ್ರೆ ಆಗ್ತಿರ್ಲಿಲ್ಲ ಬಿಡು. ಯಾರಿಂದಲೂ ಆಗ್ತಿರ್ಲಿಲ್ಲ." ಆಮೇಲೆ ಅನ್ನಕ್ಕೆ ಸಾರು ಕಲಸಿ ಉಣ್ಣತೊಡಗಿದರು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಬಡಿಸಿದಳು. ರತ್ನಕ್ಕ ಬೇಡವೆನ್ನಲಿಲ್ಲ. ತಟ್ಟೆ ಖಾಲಿಯಾಗುವವರೆಗೆ ನಾನು ಎದುರಿಗೇ ಕೂತಿದ್ದೆ.